ಸೆನ್ಸರ್ ಬದಲಿಸುವ ಮುಂಚೆ ಗಾಳಿಯ ಲೆಕ್ಕ ಹಾಕಿ

"ಏರ್ ಫ್ಲೋ ಸೆನ್ಸರ್ ಹೋಗಿದೆ, ಬದಲಿಸಬೇಕು." ಇಂಜಿನ್ ಎಳೆದುಕೊಳ್ಳುವ ಗಾಳಿಯನ್ನು ಅಳೆಯುವ ಸೆನ್ಸರ್ ಅದು. ನನ್ನ ಕಾರಿನಲ್ಲಿ ಚೆಕ್ ಇಂಜಿನ್ ಲೈಟ್ ಹತ್ತಿದಾಗ ಗ್ಯಾರೇಜಿನಲ್ಲಿ ಸಿಕ್ಕ ಉತ್ತರ ಇದು. ಸ್ಕ್ಯಾನರ್ ಹಾಕಿದರು, ಪಿ0101 ಅನ್ನೋ ದೋಷದ ಕೋಡ್ ಬಂತು, ಐದು ನಿಮಿಷದಲ್ಲಿ ತೀರ್ಮಾನ ಆಗಿಹೋಯಿತು. ಹೊಸ ಸೆನ್ಸರ್ ಹಾಕಿಸಿದೆ. ಮೂರನೇ ದಿನ ಮತ್ತೆ ಅದೇ ಲೈಟ್. ಪಿಕಪ್ ಇಲ್ಲವೇ ಇಲ್ಲ. ಸ್ವಲ್ಪ ಏರು ಬಂದರೂ ಸೆಕೆಂಡ್ ಗೇರಿನಲ್ಲಿ ಕಾರು ಏದುಸಿರು ಬಿಡುತ್ತಿತ್ತು.

ಆ ಕೋಡ್ ಹೇಳುವುದು ಇಷ್ಟೇ: ಸೆನ್ಸರ್ ತೋರಿಸುವ ಗಾಳಿಗೂ ಇಂಜಿನ್ ಕಂಪ್ಯೂಟರ್ ನಿರೀಕ್ಷಿಸಿದ ಗಾಳಿಗೂ ತಾಳೆ ಆಗುತ್ತಿಲ್ಲ. ಸೆನ್ಸರ್ ಕೆಟ್ಟಿದೆ ಅಂತ ಅದು ಹೇಳುವುದೇ ಇಲ್ಲ. ಸೆನ್ಸರ್ ತಪ್ಪು ಅಳೆಯುತ್ತಿರಬಹುದು. ಅದನ್ನು ತಪ್ಪಿಸಿ ಬೇರೆ ದಾರಿಯಲ್ಲಿ ಗಾಳಿ ನುಗ್ಗುತ್ತಿರಬಹುದು. ಇಲ್ಲವೇ ಇಂಜಿನ್‌ಗೆ ನಿಜವಾಗಿಯೂ ಗಾಳಿ ಸಾಲುತ್ತಿಲ್ಲದೆ ಇರಬಹುದು. ಈ ಮೂರರಲ್ಲಿ ಯಾವುದು ಅಂತ ತಿಳಿಯದೆ ಪಾರ್ಟ್ ಬದಲಿಸುವುದು ರಿಪೇರಿಯೇ ಅಲ್ಲ, ಊಹೆ. ಆ ಊಹೆಗೆ ದುಡ್ಡು ಕೊಡುವವರು ನಾವು.

ತಿಳಿಯೋದು ಕಷ್ಟವೂ ಅಲ್ಲ. ಮೊದಲು ಬೇಕಾದದ್ದು ಒಂದು ಸಣ್ಣ ಲೆಕ್ಕ. ನಾಲ್ಕು ಸ್ಟ್ರೋಕಿನ ಇಂಜಿನ್ ಪ್ರತಿ ಎರಡು ಸುತ್ತಿಗೆ ಒಮ್ಮೆ ತನ್ನ ಪೂರ್ತಿ ಸಿಸಿಯಷ್ಟು ಗಾಳಿ ಎಳೆದುಕೊಳ್ಳುತ್ತದೆ. ನನ್ನದು ಟರ್ಬೊ ಇಲ್ಲದ 1.5 ಲೀಟರ್ ಪೆಟ್ರೋಲ್ ಇಂಜಿನ್. 4000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 4000 ಸುತ್ತಿನಲ್ಲಿ, 2000 ಸಲ 1.5 ಲೀಟರ್. ಒಟ್ಟು 3000 ಲೀಟರ್, ಸೆಕೆಂಡಿಗೆ 50. ಸಮುದ್ರಮಟ್ಟದಲ್ಲಿ ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ. ಹಾಗಾಗಿ ಸೆಕೆಂಡಿಗೆ 60 ಗ್ರಾಂ. ಸಿಲಿಂಡರ್ ಸಾಮಾನ್ಯವಾಗಿ ಪೂರ್ತಿ ತುಂಬುವುದಿಲ್ಲ, ಶೇ. 80 ಅಂತ ಹಿಡಿದರೆ 48 ಗ್ರಾಂ ಬರಬೇಕು. ಎತ್ತರದ ಜಾಗವಾದರೆ ಪ್ರತಿ 1000 ಮೀಟರಿಗೆ ಸುಮಾರು ಶೇ. 10 ಕಳೆಯಬೇಕು, ಯಾಕೆಂದರೆ ಅಲ್ಲಿ ಗಾಳಿಯೇ ತೆಳು.

ಖಾಲಿ ರಸ್ತೆ ನೋಡಿ, ಸ್ಕ್ಯಾನರ್ ಹಿಡಿದ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೆಕೆಂಡ್ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. 4000ದಲ್ಲಿ ಸಿಕ್ಕಿದ್ದು 27 ಗ್ರಾಂ. ಹಳೆಯ ಸೆನ್ಸರನ್ನೇ ಮತ್ತೆ ಹಾಕಿ ನೋಡಿದೆ, 26. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳುತ್ತಿದ್ದಾರೆ ಅಲ್ವಾ? ಇನ್ನೊಂದು ವಿಷಯ, ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ಓಡುವಾಗ, ಎಲ್ಲವೂ ಸರಿ ಇತ್ತು. ಬಿಸಿ ಇಂಜಿನ್ ಐಡಲ್‌ನಲ್ಲಿ ಇಂಜಿನ್ ಗಾತ್ರದ ಪ್ರತಿ ಲೀಟರಿಗೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಗ್ರಾಂ ತೋರಿಸುತ್ತದೆ, ನನ್ನದೂ ಅಷ್ಟೇ ತೋರಿಸಿತ್ತು. ಕಾರನ್ನು ನಿಲ್ಲಿಸಿಕೊಂಡು ಮಾಡುವ ಪರೀಕ್ಷೆ ಎಷ್ಟು ಮೋಸ ಮಾಡುತ್ತದೆ ನೋಡಿ.

ಆಮೇಲೆ ಫ್ಯೂಯಲ್ ಟ್ರಿಮ್, ಅಂದರೆ ಲೆಕ್ಕದ ಪೆಟ್ರೋಲನ್ನು ಕಂಪ್ಯೂಟರ್ ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನೋದು. ಇದನ್ನು ಓದದೆ ಗಾಳಿಯ ದೋಷ ಹುಡುಕುವುದು ಕತ್ತಲಲ್ಲಿ ಸೂಜಿ ಹುಡುಕಿದ ಹಾಗೆ. ಸೆನ್ಸರ್ ಇರುವುದಕ್ಕಿಂತ ಕಡಿಮೆ ಗಾಳಿ ತೋರಿಸಿದರೆ ಕಂಪ್ಯೂಟರ್ ಪೆಟ್ರೋಲನ್ನೂ ಕಡಿಮೆ ಹಾಕುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್ "ಪೆಟ್ರೋಲ್ ಸಾಲದು" ಅನ್ನುತ್ತದೆ. ಆಗ ಟ್ರಿಮ್ ಪ್ಲಸ್ ಕಡೆಗೆ ಏರುತ್ತದೆ. ಏರ್ ಫ್ಲೋ ಸೆನ್ಸರಿನ ಒಳಗಿನ ಬಿಸಿ ತಂತಿಯ (ಹಾಟ್ ವೈರ್) ಮೇಲೆ ಕೊಳೆ ಕೂತಿದ್ದರೆ ಇಂಜಿನ್ ಮೇಲೆ ಲೋಡ್ ಹೆಚ್ಚಿದಂತೆ ಟ್ರಿಮ್ ಕೂಡ ಏರುವುದೇ ಜಾಸ್ತಿ. ಹಾಗಿದ್ದರೆ ಅದಕ್ಕೆಂದೇ ಸಿಗುವ ಕ್ಲೀನರ್ ಹೊಡೆದು, ತಂತಿಯನ್ನು ಮುಟ್ಟದೆ, ಪೂರ್ತಿ ಒಣಗಿಸಿ ಹಾಕಿ. ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನಲ್ಲಿ ಲೀಕ್ ಇದ್ದರೆ, ಸಾಮಾನ್ಯವಾಗಿ ಇದಕ್ಕೆ ಉಲ್ಟಾ: ಐಡಲ್‌ನಲ್ಲಿ ಟ್ರಿಮ್ ಹೆಚ್ಚು, 2500 ಆರ್‌ಪಿಎಂಗೆ ಏರಿಸಿದರೆ ಇಳಿಯುತ್ತದೆ. ಸೆನ್ಸರ್‌ಗೂ ಥ್ರಾಟಲ್‌ಗೂ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ನಡುವಿನ ಪೈಪ್ ಸೀಳಿದ್ದರೂ ಟ್ರಿಮ್ ಏರುತ್ತದೆ. ಪೈಪನ್ನು ಬಗ್ಗಿಸಿ, ಮಡಿಕೆಗಳ ಒಳಗೆ ಟಾರ್ಚ್ ಬಿಟ್ಟು ನೋಡಿ. ಸುಮ್ನೆ ಮೇಲಿಂದ ನೋಡಿದರೆ ಸೀಳು ಕಾಣಿಸುವುದಿಲ್ಲ.

ನನ್ನ ಕಾರಿನ ಟ್ರಿಮ್ ಪ್ಲಸ್ ಶೇ. 2 ದಾಟಲಿಲ್ಲ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಆಕ್ಸಿಜನ್ ಸೆನ್ಸರ್ 0.85 ವೋಲ್ಟಿನ ಹತ್ತಿರ ಇತ್ತು. ಅಂದರೆ ಪೆಟ್ರೋಲಿಗೆ ಕೊರತೆ ಇಲ್ಲ. ತೋರಿಸಿದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬೀಳುತ್ತಿದೆ, ಅದು ಸರಿಯಾಗಿಯೇ ಸಾಕಾಗುತ್ತಿದೆ. ಸೆನ್ಸರ್ ಮೊದಲ ದಿನದಿಂದಲೂ ನಿಜವನ್ನೇ ಹೇಳುತ್ತಿತ್ತು. ಇಂಜಿನ್‌ಗೆ ಉಸಿರು ಕಟ್ಟಿತ್ತು.

ಎಲ್ಲಿ? ಏರ್ ಫಿಲ್ಟರ್ ತೆಗೆದು ಒಂದು ಸುತ್ತು ಓಡಿಸಿದೆ, ವ್ಯತ್ಯಾಸವಿಲ್ಲ. ಥ್ರಾಟಲ್ ಪೂರ್ತಿ ತೆರೆಯುತ್ತಿತ್ತು. ಟೈಮಿಂಗ್ ಚೈನ್ ಹಲ್ಲು ಜಾರಿದರೂ ಹೀಗೇ ಆಗುತ್ತದೆ, ಆದರೆ ಆಗ ಐಡಲ್‌ನಲ್ಲೇ ಮ್ಯಾನಿಫೋಲ್ಡ್‌ನ ವ್ಯಾಕ್ಯೂಮ್ (ಗಾಳಿ ಎಳೆಯುವ ಸೆಳೆತ) ಕಡಿಮೆ ಇರಬೇಕಿತ್ತು. ನನ್ನದರಲ್ಲಿ ಐಡಲ್‌ನಲ್ಲಿ ಸರಿ ಇದ್ದ ವ್ಯಾಕ್ಯೂಮ್ ಗೇಜಿನ ಮುಳ್ಳು, 2500ರಲ್ಲಿ ಹಿಡಿದು ನಿಲ್ಲಿಸಿದರೆ ನಿಧಾನಕ್ಕೆ ಕೆಳಗಿಳಿಯುತ್ತಿತ್ತು. ಅಂದರೆ ಒಳಗೆ ಬಂದ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ. ಹೊರಗೆ ಹೋಗದಿದ್ದರೆ ಹೊಸದು ಬರುವುದಾದರೂ ಹೇಗೆ? ಹೊಗೆ ಹೊರಹೋಗುವ ದಾರಿಯಲ್ಲಿ ಅದನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂಚೆ ಇರುವ ಆಕ್ಸಿಜನ್ ಸೆನ್ಸರ್ ಬಿಚ್ಚಿ, ಆ ಜಾಗಕ್ಕೆ ಪ್ರೆಷರ್ ಗೇಜ್ ಹಾಕಿದೆವು. 2500ರಲ್ಲಿ ಒತ್ತಡ 3 ಪಿಎಸ್‌ಐ ದಾಟಬಾರದು. ನಮಗೆ ಬಂದದ್ದು 8.

ಕನ್ವರ್ಟರ್ ಒಳಗಿನ ಜೇನುಗೂಡಿನಂಥ ಭಾಗ ಕರಗಿ ಮುಚ್ಚಿಕೊಂಡಿತ್ತು. ಕೆಲವು ತಿಂಗಳ ಹಿಂದೆ ಒಂದು ಇಗ್ನಿಷನ್ ಕಾಯಿಲ್ ಕೆಟ್ಟು ಮಿಸ್‌ಫೈರ್ ಆಗುತ್ತಿತ್ತು, ಹಾಗೇ ಓಡಿಸಿದ್ದೆ. ಸುಡದ ಪೆಟ್ರೋಲ್ ಅಲ್ಲಿಗೆ ಹೋಗಿ ಉರಿದು ಅದನ್ನು ಕರಗಿಸಿದೆ. ಕನ್ವರ್ಟರ್ ಬದಲಿಸಿದ ದಿನ ಅದೇ ರಸ್ತೆಯಲ್ಲಿ 4000ಕ್ಕೆ 47 ಗ್ರಾಂ ಬಂತು. ಸ್ಕ್ಯಾನರಿನಲ್ಲಿ ಆ ಅಂಕಿ ನೋಡಿದಾಗ ಆದ ಸಂತೋಷ ಹೇಳತೀರದು.

ಡೀಸೆಲ್ ಕಾರು ಇರುವವರಿಗೆ ಒಂದು ಮಾತು. ನಿಮಗೆ ಟ್ರಿಮ್‌ನ ಸಹಾಯ ಸಿಗುವುದಿಲ್ಲ. ಗಾಳಿ ಕಡಿಮೆ ತೋರಿಸಿದರೆ ಮೊದಲು ಹೊಗೆಯ ಒಂದು ಭಾಗವನ್ನು ಮತ್ತೆ ಇಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್ ನೋಡಿಸಿ. ಅದು ತೆರೆದೇ ಸಿಕ್ಕಿಕೊಂಡರೆ ತಾಜಾ ಗಾಳಿಯ ಜಾಗವನ್ನು ಹೊಗೆ ತುಂಬಿಕೊಳ್ಳುತ್ತದೆ, ಸೆನ್ಸರ್ ಕಡಿಮೆ ಗಾಳಿ ತೋರಿಸುತ್ತದೆ. ಅಲ್ಲೂ ತಪ್ಪು ಸೆನ್ಸರಿನದಲ್ಲ.