ದರ್ಜಿಗೂ ಒಂದು ಪದಕ ಕೊಟ್ಟುಬಿಡಿ

ಸ್ಕೀ ಜಂಪಿಂಗ್, ಅಂದರೆ ಕಾಲಿಗೆ ಉದ್ದನೆಯ ಸ್ಕೀ ಹಲಗೆ ಕಟ್ಟಿಕೊಂಡು ಬೆಟ್ಟದಿಂದ ಹಾರುವುದು, ಹಿಮದ ಮೇಲಿನ ಕ್ರೀಡೆ ಎಂದು ನಂಬಿರುವವರು ಇನ್ನೂ ಇದ್ದಾರೆ. ಪಾಪ, ನಂಬಲಿ. ಒಳಗಿನವರಿಗೆ ಗೊತ್ತು, ಅದು ಅಪ್ಪಟ ಟೈಲರಿಂಗು. ಹೊಲಿಗೆ ಹೇಗೆ ಬಂದಿದೆ ಎಂದು ನೋಡಲು ಅದರೊಳಗೆ ಒಬ್ಬ ಮನುಷ್ಯನನ್ನು ತುಂಬಿ, ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಬೆಟ್ಟದ ಅಂಚಿನಿಂದ ಆಚೆಗೆ ಬಿಡುತ್ತಾರೆ. ಬಟ್ಟೆ ಚೆನ್ನಾಗಿ ಕೂತಿದ್ದರೆ ಅವನು ದೂರ ಹೋಗಿ ಇಳಿಯುತ್ತಾನೆ. ಪದಕ ಅವನ ಕೊರಳಿಗೆ. ಹೊಲಿದವನು ಪರದೆಯ ಹಿಂದೆಯೇ ಉಳಿಯುತ್ತಾನೆ. ಪರದೆ ಎಂದಿದ್ದು ಸುಮ್ಮನೆ ಅಲ್ಲ, ಆ ಕತೆಗೆ ಬರೋಣ.

ಮೊದಲು ಲೆಕ್ಕ. ದೊಡ್ಡ ಬೆಟ್ಟದಲ್ಲಿ ಕೆ-ಪಾಯಿಂಟ್ ಎಂಬ ಗೆರೆ ಮುಟ್ಟಿದರೆ 60 ಅಂಕ. ಅದರಾಚೆಗೆ ಮೀಟರಿಗೆ 1.8ರಂತೆ ಕೂಡುತ್ತಾರೆ, ಈಚೆಗೆ ಬಿದ್ದರೆ ಅದೇ ದರದಲ್ಲಿ ಕಳೆಯುತ್ತಾರೆ. ಐವರು ತೀರ್ಪುಗಾರರು ಶೈಲಿಗೆ ತಲಾ 20ರವರೆಗೆ ಕೊಡುತ್ತಾರೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ತೆಗೆದುಹಾಕಿ ಉಳಿದ ಮೂರನ್ನು ಸೇರಿಸುತ್ತಾರೆ. ಎದುರುಗಾಳಿ ಎತ್ತಿ ಹಿಡಿಯುತ್ತದಾದ್ದರಿಂದ ಅದಕ್ಕೆ ಅಂಕ ಕಡಿತ. ಹಿಂದಿನಿಂದ ಬೀಸುವ ಗಾಳಿ ಕೆಳಕ್ಕೆ ಒತ್ತುತ್ತದಾದ್ದರಿಂದ ಅದಕ್ಕೆ ಪರಿಹಾರ. ಹೊರಡುವ ಗೇಟನ್ನು ಮೇಲಕ್ಕೋ ಕೆಳಕ್ಕೋ ಸರಿಸಿದರೆ ಅದಕ್ಕೂ ಒಂದು ಲೆಕ್ಕ. ಇಷ್ಟೆಲ್ಲ ಕೂಡಿಸಿ ಕಳೆದ ಮೇಲೆ ಎಲ್ಲರಿಗಿಂತ ದೂರ ಹಾರಿದವನು ನಾಲ್ಕನೆಯವನಾಗಿರಬಹುದು. ಕೆಳಗೆ ನಿಂತ ಪ್ರೇಕ್ಷಕ ಚಪ್ಪಾಳೆ ತಟ್ಟಲು ಕೈಯೆತ್ತಿ, ಬೋರ್ಡು ನೋಡಿ, ಕೈಯನ್ನು ಮತ್ತೆ ಜೇಬಿಗೆ ಹಾಕುತ್ತಾನೆ. ಚಳಿ ಬೇರೆ.

ಈಗ 2024-25ರ ಋತುವನ್ನೇ ತೆಗೆದುಕೊಳ್ಳಿ. ಹೊಸ ವರ್ಷದ ಆಸುಪಾಸಿನಲ್ಲಿ ಜರ್ಮನಿ, ಆಸ್ಟ್ರಿಯಾಗಳ ನಾಲ್ಕು ಬೆಟ್ಟಗಳಲ್ಲಿ ನಡೆಯುವ 'ಫೋರ್ ಹಿಲ್ಸ್' ಸರಣಿ ಆಸ್ಟ್ರಿಯಾದವರ ಮನೆಯ ಹಬ್ಬದಂತೆ ಮುಗಿಯಿತು. ಡೇನಿಯಲ್ ಚೋಫೆನಿಗ್, ಯಾನ್ ಹೋರ್ಲ್, ಸ್ಟೆಫಾನ್ ಕ್ರಾಫ್ಟ್: ಮೊದಲ ಮೂರೂ ಸ್ಥಾನ ಅವರದೇ. ನಾಲ್ಕು ಬೆಟ್ಟ, ಬೆಟ್ಟಕ್ಕೆ ಎರಡರಂತೆ ಎಂಟು ಜಿಗಿತ, ಒಟ್ಟು ಹಾರಾಟ ಹೆಚ್ಚುಕಡಿಮೆ ಒಂದು ಕಿಲೋಮೀಟರು. ಕೊನೆಯಲ್ಲಿ ಮೊದಲನೆಯವನಿಗೂ ಎರಡನೆಯವನಿಗೂ ಇದ್ದ ಅಂತರ 1.4 ಅಂಕ. ಮೀಟರಿಗೆ ಇಳಿಸಿದರೆ 80 ಸೆಂಟಿಮೀಟರೂ ಇಲ್ಲ. ಜಿಗಿತಕ್ಕೆ ಹಂಚಿದರೆ 10 ಸೆಂಟಿಮೀಟರಿಗಿಂತ ಕಡಿಮೆ. ಸ್ವಾರಸ್ಯ ಏನೆಂದರೆ ಜಿಗಿತದ ದೂರವನ್ನು ಅಳೆಯುವುದು ಅರ್ಧ ಮೀಟರಿನ ಲೆಕ್ಕದಲ್ಲಿ. ತಕ್ಕಡಿಗೆ ಕಾಣದಷ್ಟು ಸಣ್ಣ ತೂಕದಿಂದ ರಾಜ ಯಾರೆಂದು ತೀರ್ಮಾನವಾಗುತ್ತದೆ ಎಂದಾದರೆ, ಯಾವ ಬುದ್ಧಿವಂತ ತಾನೇ ತೊಡೆಯ ಸ್ನಾಯು ಬೆಳೆಸುತ್ತಾ ಕೂರುತ್ತಾನೆ? ಸೂಜಿ ದಾರ ಹಿಡಿಯುತ್ತಾನೆ.

ಸೂಟಿನ ವಿಷಯ ಬಲ್ಲವರಿಗೆ ಗೊತ್ತು, ಅದು ಕೋಟಲ್ಲ, ರೆಕ್ಕೆ. ಹಲವು ಪದರಗಳನ್ನು ಅಂಟಿಸಿದ ಸ್ಪಂಜಿನಂಥ ಬಟ್ಟೆ. ಅದರ ಮೂಲಕ ಪ್ರತಿ ಚದರ ಮೀಟರಿನಲ್ಲಿ ಸೆಕೆಂಡಿಗೆ ಕನಿಷ್ಠ 40 ಲೀಟರ್ ಗಾಳಿ ಹಾದುಹೋಗಲೇಬೇಕು. ಹಾದುಹೋಗದಿದ್ದರೆ ಎದೆಯಿಂದ ನುಗ್ಗಿದ ಗಾಳಿ ಬೆನ್ನಿನಿಂದ ಹೊರಬೀಳದೆ ಒಳಗೇ ನಿಂತು ಸೂಟು ಹಾಯಿಯಂತೆ ಉಬ್ಬುತ್ತದೆ. ಮೈಗಿಂತ ಬಟ್ಟೆ ಎಷ್ಟು ದೊಡ್ಡದಿರಬಹುದು ಎಂಬುದಕ್ಕೂ ಮಿತಿ ಇದೆ. ಒಂದು ಕಾಲಕ್ಕೆ 6 ಸೆಂಟಿಮೀಟರ್ ಸಡಿಲ ಬಿಡುತ್ತಿದ್ದರು. 2012ರ ಬೇಸಿಗೆಯಲ್ಲಿ ಒಮ್ಮೆಲೇ ಸೊನ್ನೆ ಮಾಡಿದರು, ಚಳಿಗಾಲ ಬರುವಷ್ಟರಲ್ಲಿ 2 ಸೆಂಟಿಮೀಟರಿಗೆ ಒಪ್ಪಿಕೊಂಡರು. ಬೆಳೆಯುವ ಹುಡುಗ, ಸ್ವಲ್ಪ ಲೂಸು ಇಡಿ ಮೇಷ್ಟ್ರೇ ಎಂದು ಯೂನಿಫಾರಂ ಹೊಲಿಸುವ ತಾಯಿಯೂ ಇಷ್ಟು ಸಲ ಮನಸ್ಸು ಬದಲಿಸಿರಲಿಕ್ಕಿಲ್ಲ.

ಎಲ್ಲಕ್ಕಿಂತ ಬೆಲೆಬಾಳುವ ಜಾಗ ತೊಡೆಸಂದು. ನಿಂತಾಗ ನೆಲದಿಂದ ತೊಡೆಸಂದಿಗೆ ಎಷ್ಟು ಎತ್ತರವೋ ಸೂಟಿನಲ್ಲೂ ಹೊಲಿಗೆ ಅಷ್ಟೇ ಎತ್ತರದಲ್ಲಿ ಬರಬೇಕು. ಹೊಲಿಗೆ ಕೆಳಗೆ ಜೋತುಬಿದ್ದರೆ ಹಾರುವಾಗ ಎರಡು ಕಾಲಿನ ನಡುವೆ ಬಟ್ಟೆಯ ಪರದೆ ಬಿಗಿದುಕೊಳ್ಳುತ್ತದೆ. ಬಾವಲಿಯನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ. ಇದರಿಂದಾಗಿ ಅಳತೆ ಕೊಡುವ ಕ್ರೀಡಾಪಟು ಮೊಣಕಾಲು ಚೂರು ಬಗ್ಗಿಸಬಹುದು, ಸೊಂಟ ವಾಲಿಸಬಹುದು, ಅವನ ಮೈ ಅವನ ಕೈಯಲ್ಲೇ ಇದೆಯಲ್ಲ. ಟೇಪಿನವರು ಸೋತು ಮೂರು ಆಯಾಮದ ಸ್ಕ್ಯಾನರ್ ತಂದರು. ಮನುಷ್ಯ ಚಂದ್ರನ ಮೇಲ್ಮೈ ಅಳೆದದ್ದಕ್ಕಿಂತ ಹೆಚ್ಚು ಶ್ರದ್ಧೆ ಈಗ ಇದಕ್ಕೆ ಸಲ್ಲುತ್ತಿದೆ.

ಜೊತೆಗೆ ಚಿಪ್ ಬಂತು. ಪರೀಕ್ಷೆಯಲ್ಲಿ ಪಾಸಾದ ಸೂಟಿಗೆ ಚಿಪ್ ಕೂರಿಸುತ್ತಾರೆ. ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಚಿಪ್ ಇದೆ ಎಂದ ಮೇಲೆ ಮೋಸ ಎಲ್ಲಿಂದ ಬರಬೇಕು ಎಂದು ಅಂತರರಾಷ್ಟ್ರೀಯ ಸ್ಕೀ ಫೆಡರೇಶನ್ ನೆಮ್ಮದಿಯಾಗಿ ಮಲಗಿತು. ಚಾಪೆ ಕೆಳಗೆ ನುಸುಳುವವರಿಗೆ ಚಾಪೆ ಎತ್ತಿ ಜಾಗ ಮಾಡಿಕೊಟ್ಟು, ರಂಗೋಲಿ ಕೆಳಗೆ ನುಸುಳುವವರೂ ಇರುತ್ತಾರೆ ಎಂಬುದನ್ನು ಮರೆತಿತು.

2025ರ ಮಾರ್ಚ್, ನಾರ್ವೆಯ ಟ್ರೊಂಡ್‌ಹೈಮ್, ವಿಶ್ವ ಚಾಂಪಿಯನ್‌ಷಿಪ್. ಆತಿಥೇಯರ ಸ್ವಂತ ಬೆಟ್ಟ, ಸ್ವಂತ ಜನ. ದೊಡ್ಡ ಬೆಟ್ಟದ ಸ್ಪರ್ಧೆಗೆ ಮುನ್ನ ಪರದೆ ಎಳೆದ ಕೋಣೆಯೊಂದರಲ್ಲಿ ನಾರ್ವೆ ತಂಡದ ಸಿಬ್ಬಂದಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಮುಖ್ಯ ಕೋಚ್ ಮಾಗ್ನುಸ್ ಬ್ರೆವಿಗ್ ಪಕ್ಕದಲ್ಲೇ ಇದ್ದರು. ಯಾರೋ ಪರದೆಯ ಸಂದಿಯಿಂದ ವಿಡಿಯೊ ತೆಗೆದರು. ಚಿಪ್ ಹಾಕಿದ ಸೂಟಿನ ತೊಡೆಸಂದಿಗೆ ಬಿರುಸಾದ ದಾರ ಸೇರಿಸಿ ಹೊಲಿದಿದ್ದರು. ಎಳೆದರೆ ಹಿಗ್ಗದ ದಾರ ಅಲ್ಲಿದ್ದರೆ ಬಟ್ಟೆ ಗಾಳಿಯಲ್ಲಿ ಪಟಪಟ ಬಡಿಯದೆ ಬಿಗಿಯಾಗಿ ನಿಲ್ಲುತ್ತದೆ. ಕುಶಲ ಕೆಲಸ, ಒಪ್ಪಲೇಬೇಕು.

ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಎದುರಾಳಿ ತಂಡಗಳು ದೂರು ಕೊಟ್ಟ ಮೇಲೆ ಅಧಿಕಾರಿಗಳು ಸೂಟಿನ ಹೊಲಿಗೆಯನ್ನೇ ಬಿಚ್ಚಿ ನೋಡಬೇಕಾಯಿತು. ಬಿಚ್ಚಿದರು, ದಾರ ಸಿಕ್ಕಿತು. ಚಿಪ್ ಮಾತ್ರ ಕೊನೆಯವರೆಗೂ ತನ್ನ ಕರ್ತವ್ಯ ಮಾಡುತ್ತಿತ್ತು: ಈ ಸೂಟು ಅಸಲಿ, ಇದರಲ್ಲಿ ನಾನಿದ್ದೇನೆ. ಅಷ್ಟೇ ತಾನೇ ಅದಕ್ಕೆ ಹೇಳಿಕೊಟ್ಟಿದ್ದು.

ಬೆಳ್ಳಿ ಗೆದ್ದಿದ್ದ ಮಾರಿಯುಸ್ ಲಿಂಡ್ವಿಕ್ ಅನರ್ಹ, ಸಹ ಆಟಗಾರ ಯೋಹಾನ್ ಆಂದ್ರೆ ಫೋರ್ಫಾಂಗ್ ಕೂಡ. ಚಿನ್ನ ಸ್ಲೊವೇನಿಯಾದ ಡೊಮೆನ್ ಪ್ರೆವ್ಟ್ಸ್ ಬಳಿಯೇ ಉಳಿಯಿತು. ಮೂರನೆಯವನಾಗಿದ್ದ ಹೋರ್ಲ್ ಕೂತಲ್ಲೇ ಎರಡನೆಯವನಾದ, ಜಪಾನಿನ ರ್ಯೋಯು ಕೊಬಯಾಶಿಗೆ ಕಂಚು. ಆದರೆ ಕೆಲವೇ ದಿನಗಳ ಹಿಂದೆ ಅದೇ ಊರಿನ ಚಿಕ್ಕ ಬೆಟ್ಟದಲ್ಲಿ, ಅದಕ್ಕೆ 'ಸಾಮಾನ್ಯ ಬೆಟ್ಟ' ಎನ್ನುತ್ತಾರೆ, ಲಿಂಡ್ವಿಕ್ ಗೆದ್ದ ಚಿನ್ನ ಅವರಲ್ಲೇ ಇದೆ. ಆ ದಿನ ಪರದೆಯ ಸಂದಿಯಲ್ಲಿ ಯಾರೂ ಇಣುಕಿರಲಿಲ್ಲ ನೋಡಿ.

ಈಗ ಶಿಕ್ಷೆ. ನಮಗೇನೂ ಗೊತ್ತಿರಲಿಲ್ಲ ಎಂದರು ಇಬ್ಬರು ಜಿಗಿತಗಾರರು. ಗಾಳಿಯ ದಿಕ್ಕು ಕೆನ್ನೆಯಲ್ಲೇ ಗುರುತಿಸುವ, ಬೂಟಿನೊಳಗಿನ ಸಣ್ಣ ವ್ಯತ್ಯಾಸವನ್ನೂ ಹಿಡಿಯುವ ಮಂದಿಗೆ ತೊಡೆಸಂದಿನಲ್ಲಿ ಹೊಸ ದಾರ ಬಂದದ್ದು ತಿಳಿಯಲಿಲ್ಲವಂತೆ. ಇರಲಿ. 2025ರ ಆಗಸ್ಟ್‌ನಲ್ಲಿ ಇಬ್ಬರಿಗೂ ತಲಾ ಮೂರು ತಿಂಗಳ ನಿಷೇಧ, 2000 ಸ್ವಿಸ್ ಫ್ರಾಂಕ್ ದಂಡ ಎಂದು ಇತ್ಯರ್ಥವಾಯಿತು. ಅದರಲ್ಲೂ ಮಾರ್ಚ್‌ನಲ್ಲಿ ತಾತ್ಕಾಲಿಕವಾಗಿ ಅಮಾನತು ಮಾಡಿದ್ದ ದಿನಗಳನ್ನು ವಜಾ ಮಾಡಿಕೊಂಡರು. ಚಳಿಗಾಲದ ಕ್ರೀಡೆಗೆ ಆಗಸ್ಟ್‌ನಲ್ಲಿ ಶಿಕ್ಷೆ ಎಂದರೆ ಬೇಸಿಗೆಯಲ್ಲಿ ಕಂಬಳಿ ಹೊದೆಯಬಾರದು ಎಂದು ಆಜ್ಞೆ ಹೊರಡಿಸಿದ ಹಾಗೆ. ಬ್ರೆವಿಗ್ ಸೇರಿ ಮೂವರು ಸಿಬ್ಬಂದಿಗೆ 18 ತಿಂಗಳು ಬಿತ್ತು. ಗೆಲುವಿನಲ್ಲಿ ಹೆಸರಿಲ್ಲದ ದರ್ಜಿಗೆ ಸೋಲಿನಲ್ಲಾದರೂ ಜಿಗಿತಗಾರನ ಆರು ಪಟ್ಟು ಪಾಲು ಸಿಕ್ಕಿತು.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕಾರ್ಯಕ್ರಮವೂ ನಡೆಯಿತು. ಆ ಋತುವಿನ ಉಳಿದ ಸ್ಪರ್ಧೆಗಳಿಗೆ ಒಬ್ಬನಿಗೆ ಒಂದೇ ಸೂಟು ಎಂದರು, ಅದನ್ನೂ ಫೆಡರೇಶನ್ನೇ ಬೀಗ ಹಾಕಿ ಇಟ್ಟುಕೊಂಡಿತು. ಮರು ಚಳಿಗಾಲಕ್ಕೆ ಫುಟ್‌ಬಾಲಿನಿಂದ ಹಳದಿ, ಕೆಂಪು ಕಾರ್ಡುಗಳನ್ನು ಎರವಲು ತಂದರು. ಮೊದಲು ಪೇಚಿಗೆ ಸಿಕ್ಕವರಲ್ಲಿ ಸ್ಲೊವೇನಿಯಾದ ಟಿಮಿ ಝೈಟ್ಸ್ ಒಬ್ಬರು. 2025ರ ಡಿಸೆಂಬರ್ ಕೊನೆಯಲ್ಲಿ ಜರ್ಮನಿಯ ಓಬರ್ಸ್ಟ್‌ಡೋರ್ಫ್‌ನಲ್ಲಿ ಅವರ ಸೂಟಿನ ಕಾಲು 3 ಮಿಲಿಮೀಟರ್ ಗಿಡ್ಡ ಎಂದು ಹೊರಗೆ ಹಾಕಿದರು. ಮೂರು ದಿನ ಕಳೆದು ಗಾರ್ಮಿಷ್‌ನಲ್ಲೂ ಅದೇ ಪಾಡು, ಕೈಗೆ ಕೆಂಪು ಕಾರ್ಡು. ಕೋಣೆಯೊಳಗೆ ರಾತ್ರಿ ಓಡಿದ ಹೊಲಿಗೆ ಯಂತ್ರ ಕಾಣದ ಕಣ್ಣಿಗೆ 3 ಮಿಲಿಮೀಟರ್ ಚೆನ್ನಾಗಿ ಕಾಣುತ್ತದೆ.

ಈ ಚುರುಕುತನ ಹೊಸತೇನಲ್ಲ. 2022ರ ಬೀಜಿಂಗ್ ಒಲಿಂಪಿಕ್ಸ್‌ನ ಮಿಶ್ರ ತಂಡ ಸ್ಪರ್ಧೆಯಲ್ಲಿ ಒಂದೇ ಸಂಜೆ ಐವರು ಹೆಣ್ಣುಮಕ್ಕಳನ್ನು ಸೂಟು ಸರಿಯಿಲ್ಲವೆಂದು ಅನರ್ಹಗೊಳಿಸಿದರು: ಜಪಾನಿನ ಸಾರಾ ತಕನಾಶಿ, ಜರ್ಮನಿಯ ಕಥರಿನಾ ಆಲ್ಟ್‌ಹೌಸ್, ಆಸ್ಟ್ರಿಯಾದ ಡೇನಿಯೆಲಾ ಇರಾಶ್ಕೊ-ಸ್ಟೋಲ್ಟ್ಸ್, ನಾರ್ವೆಯ ಅನ್ನಾ ಓಡಿನೆ ಸ್ಟ್ರೋಮ್ ಮತ್ತು ಸಿಲ್ಯೆ ಓಪ್ಸೆತ್. ತಕನಾಶಿಯ ಸೂಟು ತೊಡೆಯ ಬಳಿ 2 ಸೆಂಟಿಮೀಟರ್ ಹೆಚ್ಚಿತ್ತಂತೆ. ಎರಡು ದಿನ ಹಿಂದೆ ಆಲ್ಟ್‌ಹೌಸ್ ಬೆಳ್ಳಿ ಗೆದ್ದದ್ದೂ ಇದೇ ಸೂಟಿನಲ್ಲಿ ಎಂದು ಜರ್ಮನರು ಗೋಳಿಟ್ಟರು. ಬೆಟ್ಟಗಳ ದೊಡ್ಡಣ್ಣಂದಿರೆಲ್ಲ ಹೀಗೆ ಮಂಡಿಯೂರಿದ ಮೇಲೆ ಕೆನಡಾ ಕಂಚು ಗೆದ್ದಿತು, ಈ ಕ್ರೀಡೆಯಲ್ಲಿ ಅವರ ಮೊದಲ ಒಲಿಂಪಿಕ್ ಪದಕ. ಅವರ ಸಂತೋಷಕ್ಕೆ ಕಲ್ಲು ಹಾಕುವುದು ಬೇಡ; ಆ ದಿನ ಅಳತೆಗೆ ತಕ್ಕ ಬಟ್ಟೆ ಹಾಕಿಕೊಂಡು ಬಂದದ್ದೂ ಸಾಧನೆಯೇ.

ಬಟ್ಟೆ ಮುಗಿದರೆ ಮೈ. ಹಗುರ ಇದ್ದವನು ದೂರ ಹಾರುತ್ತಾನೆ, ಆದ್ದರಿಂದ ಜಿಗಿತಗಾರರು ಹೊಟ್ಟೆಗೆ ಬರೆ ಎಳೆದುಕೊಳ್ಳುತ್ತಿದ್ದರು. ಅದನ್ನು ತಡೆಯಲು ಸ್ಕೀ ಉದ್ದವನ್ನು ತೂಕಕ್ಕೆ ಕಟ್ಟಿಹಾಕಿದರು. ಎತ್ತರದ 145 ಪ್ರತಿಶತದಷ್ಟು ಉದ್ದದ ಸ್ಕೀ ಬೇಕೆಂದರೆ ದೇಹದ ತೂಕ-ಎತ್ತರದ ಸೂಚಿ (ಬಿಎಂಐ) 21 ಇರಬೇಕು. 1.80 ಮೀಟರ್ ಎತ್ತರದವನಿಗೆ ಇದು 68 ಕಿಲೋ, ಸ್ಕೀ 261 ಸೆಂಟಿಮೀಟರ್. ತೂಕ ಇಳಿದಷ್ಟೂ ಸ್ಕೀ ಗಿಡ್ಡ. ಒಳ್ಳೆಯ ನಿಯಮ, ನಿಜವಾಗಿಯೂ. ಆದರೆ ಆ 68 ಕಿಲೋ ತೂಗುವುದು ಸೂಟು ಸಮೇತ.

ಇನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗುವ ಅಧ್ಯಾಯ. ತೊಡೆಸಂದಿನ ಹೊಲಿಗೆ ಎಲ್ಲಿರಬೇಕೆಂದು ಸ್ಕ್ಯಾನರ್ ನಿರ್ಧರಿಸುತ್ತದೆ ಎಂದ ಮೇಲೆ, ಸ್ಕ್ಯಾನ್ ಆಗುವ ಹೊತ್ತಿಗೆ ಅಲ್ಲಿನ ವಸ್ತುವೇ ಸ್ವಲ್ಪ ದಪ್ಪವಾಗಿದ್ದರೆ ಬಟ್ಟೆಯೂ ಸ್ವಲ್ಪ ಹೆಚ್ಚು ಸಿಗುತ್ತದಲ್ಲ? ಕೆಲವರು ಅಲ್ಲಿಗೆ ಚರ್ಮ ಉಬ್ಬಿಸುವ ಹಯಲುರಾನಿಕ್ ಆಮ್ಲದ ಚುಚ್ಚುಮದ್ದು ತೆಗೆದುಕೊಳ್ಳುತ್ತಾರೆ ಎಂದು 2026ರ ಜನವರಿಯಲ್ಲಿ ಜರ್ಮನಿಯ 'ಬಿಲ್ಡ್' ಪತ್ರಿಕೆ ಬರೆಯಿತು. ಯಾರ ಹೆಸರೂ ಇರಲಿಲ್ಲ, ಪುರಾವೆಯೂ ಇರಲಿಲ್ಲ. ಹಾಗೆಂದು ಪ್ರಶ್ನೆ ನಿಲ್ಲುತ್ತದೆಯೇ? ಫೆಬ್ರುವರಿಯಲ್ಲಿ ಇಟಲಿಯ ಒಲಿಂಪಿಕ್ಸ್ ಹೊತ್ತಿಗೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ಪತ್ರಿಕಾಗೋಷ್ಠಿಗೂ ಹೋಯಿತು. ಟೇಪು ಹಿಡಿದವರು ಉತ್ತರಿಸಬೇಕಾದ್ದನ್ನು ಮೂತ್ರದ ಬಾಟಲಿ ಹಿಡಿದವರು ಉತ್ತರಿಸಬೇಕಾಯಿತು. ಸಂಸ್ಥೆಯ ಅಧ್ಯಕ್ಷ ವಿಟೋಲ್ಡ್ ಬಾಂಕಾ ಪೋಲೆಂಡಿನವರು. ನಮ್ಮ ದೇಶದಲ್ಲಿ ಈ ಕ್ರೀಡೆ ಬಹಳ ಜನಪ್ರಿಯ, ನೋಡೋಣ ಎಂದು ನಕ್ಕರು. ಇನ್ನೇನು ತಾನೇ ಹೇಳಬಹುದಿತ್ತು?

ಸುತ್ತಿ ಬಳಸುವುದೇಕೆ, ಸಾಮಾನ್ಯ ಬೆಟ್ಟ, ದೊಡ್ಡ ಬೆಟ್ಟಗಳ ಜೊತೆ ಹೊಲಿಗೆ ಎಂಬ ಮೂರನೆಯ ಸ್ಪರ್ಧೆ ಇಟ್ಟುಬಿಡಲಿ. ಪರದೆ ಬೇಡ, ಯಂತ್ರಗಳು ಬೆಟ್ಟದ ಬುಡದಲ್ಲೇ ಸಾಲಾಗಿ ಇರಲಿ. ಐವರು ತೀರ್ಪುಗಾರರು, ಕಾಜಾ ಹೊಲಿಗೆಗೆ ತಲಾ 20 ಅಂಕ, ಹೆಚ್ಚಿನದೊಂದು ಕಡಿಮೆಯದೊಂದು ಬಿಡುವುದು ಮಾಮೂಲಿನಂತೆ. ದಾರ ತುಂಡಾಗದೆ ಕೆ-ಪಾಯಿಂಟ್ ದಾಟಿದರೆ ಮೀಟರಿಗೆ 1.8. ನಡುವೆ ಕರೆಂಟು ಹೋದರೆ ಗಾಳಿಗೆ ಕೊಟ್ಟ ಹಾಗೆ ಅದಕ್ಕೂ ಪರಿಹಾರ ಅಂಕ.