ಸತ್ಯಾಂಶ: ಹಿತ್ತಲಲ್ಲಿ ಶ್ರೀಗಂಧ ಬೆಳೆದರೆ ಜೈಲೇ?

‘ನಿಮ್ಮ ಜಮೀನಿನಲ್ಲಿ ಶ್ರೀಗಂಧ ಬೆಳೆದರೂ ಮರ ಸರ್ಕಾರದ್ದು, ಬೆಳೆದವರಿಗೆ ಜೈಲು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇದೆ. ಇದು ಹಳಸಿದ ಸುದ್ದಿ. ಟಿಪ್ಪುವಿನ ಕಾಲದಿಂದ ಬಂದ ‘ರಾಜವೃಕ್ಷ’ದ ಪದ್ಧತಿಯಲ್ಲಿ ಹೊಲ ರೈತನದಾದರೂ ಗಂಧ ದೊರೆಯದಾಗಿತ್ತು, ತಾನಾಗಿ ಮೊಳೆತ ಸಸಿಯನ್ನೂ ರೈತ ಕಿತ್ತೆಸೆದಿದ್ದರೆ ತಪ್ಪೆನ್ನಲಾಗದು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಜಮೀನಿನ ಒಡೆಯನೇ ಮರದ ಒಡೆಯನಾದ. ಬೆಳೆಸಲು ಅಡ್ಡಿಯಿಲ್ಲ. ಆದರೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಸ್ವಂತ ಮರವೆಂದು ಕೊಡಲಿ ಎತ್ತಿದರೆ ಪ್ರಕರಣ ದಾಖಲಾಗುತ್ತದೆ. ಕಳ್ಳಸಾಗಣೆಯ ಇತಿಹಾಸ ಬಲ್ಲವರಿಗೆ ಈ ಬಿಗಿ ಅತಿಯೆನಿಸದು. ಮೈಸೂರು ಸ್ಯಾಂಡಲ್ ಸೋಪು ತಯಾರಿಸುವ, ರಾಜ್ಯ ಸರ್ಕಾರದ ಸಾಬೂನು ಮತ್ತು ಮಾರ್ಜಕ ಸಂಸ್ಥೆಗೂ ರೈತರು ಗಂಧ ಮಾರಬಹುದು. ಬೆಲೆಯಿರುವುದು ಮುಖ್ಯವಾಗಿ ಒಳಗಿನ ತಿರುಳಿಗೆ.