ರಾಜಿ ಆಮೇಲೆ, ಮೊದಲು ಎಫ್‌ಐಆರ್

2019ರಲ್ಲಿ ಮೋಟಾರು ವಾಹನ ಕಾಯ್ದೆ ಬದಲಾದಾಗ ನಮ್ಮ ದಾವಣಗೆರೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಹೆಲ್ಮೆಟ್ ದಂಡ. ಸಾವಿರ ರೂಪಾಯಿ ಅಂದಾಗ ಬೊಬ್ಬೆ ಹೊಡೆದೆವು. ರಾಜ್ಯ ಸರ್ಕಾರ ಅದನ್ನು 500ಕ್ಕೆ ಇಳಿಸಿದ ಮೇಲೆ ಸುಮ್ಮನಾದೆವು. ಆಕ್ಸಿಡೆಂಟ್‌ನಲ್ಲಿ ಪೆಟ್ಟು ತಿಂದವರಿಗೆ ಏನು ಪರಿಹಾರ ಸಿಗಬೇಕು ಅನ್ನುವುದೂ ಅದೇ ಕಾಯ್ದೆಯಲ್ಲಿತ್ತು. ಅದು ಜಾರಿಗೆ ಬಂದಿದ್ದು 2022ರ ಏಪ್ರಿಲ್ 1ಕ್ಕೆ. ಅವತ್ತು ಯಾವ ಟೀ ಅಂಗಡಿಯಲ್ಲೂ ಅದರ ಸುದ್ದಿ ಇರಲಿಲ್ಲ.

ಸುದ್ದಿ ಇಲ್ಲದ್ದರಿಂದ ಏನಾಗ್ತಿದೆ ಅಂದರೆ, ನಮ್ಮ ಕಡೆ ಆಕ್ಸಿಡೆಂಟ್ ಆದ ಅರ್ಧ ಗಂಟೆಗೆ ಪಂಚಾಯಿತಿ ಸೇರುತ್ತದೆ. 'ಹೋಗ್ಲಿ ಬಿಡ್ರಿ, ಇಬ್ರೂ ನಮ್ಮೋರೇ, ಸ್ಟೇಷನ್ ಕೋರ್ಟು ಯಾಕ್ ಬೇಕು' ಅನ್ನುವ ಹಿರಿಯರೊಬ್ಬರು ಎಲ್ಲಿಂದಲೋ ಬಂದೇ ಬರುತ್ತಾರೆ. ಅವರ ಮನಸ್ಸು ಕೆಟ್ಟದ್ದಲ್ಲ. ಆದರೆ ಆ ರಾಜಿಯಲ್ಲಿ ಸೋಲುವುದು ಮಾತ್ರ ಯಾವಾಗಲೂ ಕಾಲು ಮುರಿದುಕೊಂಡವನೇ.

ನಮ್ಮ ನೆಂಟರ ಹುಡುಗನ ಕತೆಯನ್ನೇ ಹೇಳುತ್ತೇನೆ. ಸಂಜೆ ಹೊತ್ತು ಬೈಕಿನಲ್ಲಿ ಬರುತ್ತಿದ್ದ. ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್ ಹಿಂದೆ ಲೈಟೂ ಇಲ್ಲದೆ, ರೇಡಿಯಂ ಪಟ್ಟಿಯೂ ಇಲ್ಲದೆ ದಾರಿ ಮಧ್ಯೆಯೇ ನಿಂತಿತ್ತು. ಗುದ್ದಿದ. ಮೊಣಕಾಲ ಕೆಳಗೆ ಎರಡು ಕಡೆ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ 'ಎಂಎಲ್‌ಸಿ ಮಾಡಬೇಕಲ್ವಾ?' ಅಂತ ಕೇಳಿದರು. ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು ಅಂತ ಆಸ್ಪತ್ರೆಯಲ್ಲಿ ಬರೆದುಕೊಳ್ಳುವುದು. ಜೊತೆಗಿದ್ದವರು 'ಬ್ಯಾಡ ಸಾರ್, ಸ್ಲಿಪ್ ಆಗಿ ಬಿದ್ದ ಅಂತ ಬರ್ಕೊಳ್ರಿ' ಅಂದರು. ಹಾಗೇ ಬರೆದರು. ಟ್ರ್ಯಾಕ್ಟರ್ ಮಾಲೀಕರು ಕೈಯಿಂದ ಇಪ್ಪತ್ತು ಸಾವಿರ ಕೊಟ್ಟರು. ಆಪರೇಷನ್‌ಗೆ ಅದರ ನಾಲ್ಕು ಪಟ್ಟು ಖರ್ಚಾಯಿತು. ಆಮೇಲೆ ರಾಡ್ ತೆಗೆಸುವ ಖರ್ಚು ಬೇರೆ. ತಮಾಷೆ ನೋಡಿ, ಆ ಟ್ರ್ಯಾಕ್ಟರ್‌ಗೆ ಇನ್ಶೂರೆನ್ಸ್ ಚಾಲ್ತಿಯಲ್ಲೇ ಇತ್ತು. ಮಾಲೀಕರು ವರ್ಷ ವರ್ಷ ಪ್ರೀಮಿಯಂ ಕಟ್ಟಿದ್ದು ಇಂಥ ದಿನಕ್ಕೇ ಅಲ್ವಾ? ಕಂಪನಿಯಿಂದ ಒಂದು ಪೈಸೆಯೂ ಬರಲಿಲ್ಲ. ಬರಲು ನಾವೇ ಬಿಡಲಿಲ್ಲ.

ಆ 'ಸ್ಲಿಪ್ ಆಗಿ ಬಿದ್ದ' ಅನ್ನುವ ಒಂದು ಸಾಲು ಇದೆಯಲ್ಲ, ಎಂವಿಸಿ ಕೇಸಿನಲ್ಲಿ, ಅಂದರೆ ಆಕ್ಸಿಡೆಂಟ್ ಪರಿಹಾರದ ಕೇಸಿನಲ್ಲಿ, ಇನ್ಶೂರೆನ್ಸ್ ಕಡೆಯ ವಕೀಲರು ಮೊದಲು ಹುಡುಕುವುದೇ ಅದನ್ನು.

ಹೊಸ ನಿಯಮದಲ್ಲಿ ಏನಿದೆ ಗೊತ್ತಾ? 164ನೇ ಸೆಕ್ಷನ್ ಪ್ರಕಾರ ತಪ್ಪು ಯಾರದು ಅಂತ ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೇಳಬಹುದು. ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದೂ ತೀವ್ರ ಗಾಯವೇ. ಇದಕ್ಕಿಂತ ಜಾಸ್ತಿ ನಷ್ಟ ಆಗಿದ್ದರೆ 166ರ ಕೆಳಗೆ ಎದುರಿನವರ ತಪ್ಪು ತೋರಿಸಿ ಕೇಳಬೇಕು. ಗುದ್ದಿದ ಗಾಡಿ ಯಾವುದು ಅಂತಲೇ ಗೊತ್ತಾಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಇದೆ. ಮೊದಲು ಇದು 25 ಸಾವಿರ ಮತ್ತು ಹನ್ನೆರಡೂವರೆ ಸಾವಿರ ಇತ್ತು. ರಾತ್ರಿ ಹೈವೇ ದಾಟುವಾಗ ಲಾರಿ ಗುದ್ದಿಕೊಂಡು ಹೋಯಿತು, ನಂಬರ್ ನೋಡಿದವರಿಲ್ಲ ಅಂತ ಕೈಚೆಲ್ಲಿ ಕೂತ ಮನೆಗಳು ನಮ್ಮ 48ನೇ ಹೆದ್ದಾರಿಯ ಅಕ್ಕಪಕ್ಕದ ಊರುಗಳಲ್ಲಿವೆ. ಅವರಿಗೆ ಈ ವಿಷಯ ಹೇಳುವವರು ಬೇಕು.

ಎಫ್‌ಐಆರ್ ಆದರೆ ಇನ್ನೊಂದು ಅನುಕೂಲ ಇದೆ. ಪೊಲೀಸರು 48 ಗಂಟೆಯೊಳಗೆ ಮೊದಲ ವರದಿ, ಮೂರು ತಿಂಗಳೊಳಗೆ ಪೂರ್ತಿ ವರದಿಯನ್ನು ಕ್ಲೇಮ್ಸ್ ಟ್ರಿಬ್ಯೂನಲ್‌ಗೆ, ಅಂದರೆ ಆಕ್ಸಿಡೆಂಟ್ ಪರಿಹಾರ ತೀರ್ಮಾನಿಸುವ ಕೋರ್ಟಿಗೆ, ಕಳಿಸಬೇಕು. ಆ ವರದಿಯನ್ನೇ ಟ್ರಿಬ್ಯೂನಲ್ ಪರಿಹಾರದ ಅರ್ಜಿಯಾಗಿ ತೆಗೆದುಕೊಳ್ಳಬೇಕು. ಎಲ್ಲ ಕಡೆ ಇದು ಟೈಮಿಗೆ ಸರಿಯಾಗಿ ಆಗುತ್ತದೆ ಅಂತ ನಾನು ಹೇಳಲ್ಲ. ಆದರೆ ಕಂಪ್ಲೇಂಟೇ ಇಲ್ಲದಿದ್ದರೆ ಪೊಲೀಸರು ಕಳಿಸುವುದಾದರೂ ಏನನ್ನು?

ಈ ತಿದ್ದುಪಡಿಯಲ್ಲಿ ನನಗೆ ಸಿಟ್ಟು ಬರುವ ಭಾಗವೂ ಇದೆ. ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಹಾಕಬೇಕು ಅಂತ ಮಾಡಿಟ್ಟರು. ಹೊಲದ ಕೆಲಸ ಮಾಡುವ ಮನುಷ್ಯ ಕಾಲಿಗೆ ರಾಡ್ ಹಾಕಿಸಿಕೊಂಡು ಮಂಚ ಹಿಡಿದರೆ ಆರು ತಿಂಗಳು ಅಲ್ಲೇ ಕಳೆಯುತ್ತದೆ. ಅವನು ಎದ್ದು ವಕೀಲರ ಮನೆ ಹುಡುಕುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಂದೆ ಹೋದವು. 2025ರ ನವೆಂಬರ್‌ನಲ್ಲಿ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು, ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಅಂದಿತು. ಅದು ಮಧ್ಯಂತರ ಆದೇಶ ಅಷ್ಟೇ. ಅದನ್ನೇ ನಂಬಿಕೊಂಡು ಕೂರಬೇಡಿ.

ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ನಮ್ಮ ತಲೆಗೆ ಬರುತ್ತದೆ ಅನ್ನುವ ಹೆದರಿಕೆ ಇನ್ನೂ ಹೋಗಿಲ್ಲ. ಈ ವಿಷಯಕ್ಕೆ ಅಂತಲೇ ಕರ್ನಾಟಕ ತನ್ನದೇ ಕಾಯ್ದೆ ಮಾಡಿದೆ. ವಿಧಾನಮಂಡಲದಲ್ಲಿ ಪಾಸಾಗಿದ್ದು 2016ರಲ್ಲಿ, ರಾಷ್ಟ್ರಪತಿ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ. ಸಹಾಯ ಮಾಡಿದವರನ್ನು ಸ್ಟೇಷನ್‌ಗೆ ಅಲೆಸುವಂತಿಲ್ಲ, ಹೆಸರು ಹೇಳಿ ಅಂತ ಬಲವಂತ ಮಾಡುವಂತಿಲ್ಲ. ಜೊತೆಗೆ 2025ರ ಮೇನಲ್ಲಿ ಕೇಂದ್ರದ ಸ್ಕೀಮ್ ಬಂತು. ಅದಕ್ಕೆ ಸೇರಿದ ಆಸ್ಪತ್ರೆಗಳಲ್ಲಿ ಏಳು ದಿನ, ಒಂದೂವರೆ ಲಕ್ಷದವರೆಗೆ ನಗದಿಲ್ಲದ ಚಿಕಿತ್ಸೆ. ಇಲ್ಲೂ ಪೊಲೀಸರಿಗೆ ವಿಷಯ ತಿಳಿಯಲೇಬೇಕು. ಸ್ಲಿಪ್ ಆಗಿ ಬಿದ್ದ ಕತೆ ಇಲ್ಲಿ ನಡೆಯಲ್ಲ.

ಅಂದ ಹಾಗೆ, ನಿಮ್ಮ ಬೈಕಿನ ಇನ್ಶೂರೆನ್ಸ್ ಒಂದು ಸಲ ನೋಡಿಕೊಳ್ಳಿ. 2018ರ ಸೆಪ್ಟೆಂಬರ್ ನಂತರ ಕೊಂಡ ಹೊಸ ಬೈಕುಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟ ಕೊಡುವ ಇನ್ಶೂರೆನ್ಸ್, ಒಟ್ಟಿಗೇ ಬರುತ್ತದೆ. ಐದು ವರ್ಷ ಆದ ಮೇಲೆ ಅದನ್ನು ನೆನಪಿಟ್ಟು ಕಟ್ಟಿದವರು ಎಷ್ಟು ಜನ? ಸಿಕ್ಕಿಬಿದ್ದರೆ ದಂಡ ಕಟ್ಟಬೇಕಾಗುತ್ತದೆ. ಯಾರಿಗಾದರೂ ಗುದ್ದಿದರೆ ಪರಿಹಾರಕ್ಕೆ ಹೊಲವನ್ನೇ ಮಾರಬೇಕಾಗುತ್ತದೆ.

'ಕೇಸ್ ಹಾಕಿದರೆ ದುಡ್ಡೆಲ್ಲ ವಕೀಲರ ಪರ್ಸೆಂಟೇಜ್‌ಗೇ ಹೋಗುತ್ತೆ' ಅನ್ನುವವರಿದ್ದಾರೆ. ಅದರಲ್ಲಿ ಸುಳ್ಳಿಲ್ಲ. ಆಸ್ಪತ್ರೆ ಬಾಗಿಲಲ್ಲೇ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವ ಏಜೆಂಟರನ್ನು ನಾನೂ ನೋಡಿದ್ದೇನೆ. ಅಂಥವರಿಗೆ ಸಹಿ ಕೊಡಬೇಡಿ. ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರದ ಆಫೀಸಿದೆ, ಮೊದಲು ಅಲ್ಲಿ ಕೇಳಿ. ಇಬ್ಬರೂ ನಮ್ಮವರೇ, ಮನಸ್ತಾಪ ಬೇಡ ಅಂತಿದ್ದರೆ ರಾಜಿಗೂ ಜಾಗ ಇದೆ. ಎಫ್‌ಐಆರ್ ಆಗಿ, ಕ್ಲೇಮ್ ಹಾಕಿ, ಆಮೇಲೆ ಲೋಕ ಅದಾಲತ್‌ನಲ್ಲಿ ಕೂತು ಮಾತಾಡಿ. ಅಲ್ಲಿ ಮೇಜಿನ ಆ ಕಡೆ ಇನ್ಶೂರೆನ್ಸ್ ಕಂಪನಿಯವರೂ ಕೂತಿರುತ್ತಾರೆ.